ಬೇಲಿಯೇ ಹೊಲ ಮೇಯ್ದಾಗ: ತೀವ್ರ ಶ್ವಾಸಕೋಶ ಹಾನಿ ಮತ್ತು ದಾರಿ ತಪ್ಪಿದ ರೋಗನಿರೋಧಕ ವ್ಯವಸ್ಥೆ

ಮಲೆನಾಡಿನ ಹೆಬ್ಬಾಗಿಲೆನಿಸಿದ ಶಿವಮೊಗ್ಗ ಹಾಗೂ ಅದರ ಮಗ್ಗುಲಿನ ಉಕ್ಕಿನ ನಗರಿ ಭದ್ರಾವತಿಗಳಲ್ಲಿ ಮಳೆಗಾಲವೆಂದರೆ ಜ್ವರದ ಕಾಲವೂ ಹೌದು. ಡೆಂಗಿ, ಇಲಿಜ್ವರ, ಇನ್‌ಫ್ಲುಯೆಂಜಾಗಳು ಈ ಅವಧಿಯಲ್ಲಿ ಕಾಣಿಸಿಕೊಂಡರೆ, ಮಳೆ ನಿಂತು ಕಾಡು ಒಣಗತೊಡಗಿದಾಗ ಮಂಗನ ಕಾಯಿಲೆಯ ಸರದಿ ಆರಂಭವಾಗುತ್ತದೆ. ಇವುಗಳಿಂದ ಬಳಲುವವರಲ್ಲಿ ಬಹುತೇಕರು ಗುಣಮುಖರಾಗುತ್ತಾರೆ. ಆದರೆ ಕೆಲವರಲ್ಲಿ ಜ್ವರ ಇಳಿಯುವ ಹಂತದಲ್ಲೇ ಉಸಿರಾಟ ಬಿಗಿಯಾಗಿ, ಒಂದೆರಡು ದಿನಗಳಲ್ಲಿ ವೆಂಟಿಲೇಟರ್ ಆಸರೆ ಬೇಕಾಗುವ ಸ್ಥಿತಿ ಉಂಟಾಗುತ್ತದೆ.

ಇಂತಹ ಸಂದರ್ಭದಲ್ಲಿ ಶ್ವಾಸಕೋಶವನ್ನು ಕೆಡಿಸುತ್ತಿರುವುದು ರೋಗಾಣುವೋ ಅಥವಾ ಅದನ್ನು ಎದುರಿಸಲು ಹೊರಟ ದೇಹದ ಕಾವಲು ಪಡೆಯೋ ಎಂಬುದು ವೈದ್ಯರ ಮುಂದಿರುವ ಮೊದಲ ಪ್ರಶ್ನೆ. ರೋಗಾಣುವೇ ಕಾರಣವಾಗಿದ್ದರೆ ರೋಗನಿರೋಧಕ ಶಕ್ತಿಯನ್ನು ಕಾಪಾಡಬೇಕು. ಕಾವಲು ಪಡೆಯೇ ಕಾರಣವಾಗಿದ್ದರೆ ಅದನ್ನು ಅಡಗಿಸಬೇಕು. ಎರಡೂ ಚಿಕಿತ್ಸೆಗಳು ಒಂದಕ್ಕೊಂದು ವಿರುದ್ಧವಾದವು. ಹೊರನೋಟಕ್ಕೆ ರೋಗಿಯ ಲಕ್ಷಣಗಳು ಮಾತ್ರ ಒಂದೇ ಬಗೆಯವು. ಆದ್ದರಿಂದಲೇ ಈ ವಿಷಯ ತಜ್ಞರ ಚರ್ಚೆಗಷ್ಟೇ ಸೀಮಿತವಲ್ಲ; ರೋಗಿಯ ಮನೆಯವರೂ ಸ್ಥೂಲವಾಗಿಯಾದರೂ ಅರಿತಿರಬೇಕಾದದ್ದು.

ಏನಿದು ತೀವ್ರ ಶ್ವಾಸಕೋಶ ಹಾನಿ?

ಮನುಷ್ಯನ ಶ್ವಾಸಕೋಶಗಳಲ್ಲಿ ಸುಮಾರು 30ರಿಂದ 50 ಕೋಟಿ ವಾಯುಕೋಶಗಳಿವೆ. ಪ್ರತಿಯೊಂದು ವಾಯುಕೋಶದ ಸುತ್ತಲೂ ಕೂದಲಿಗಿಂತ ತೆಳುವಾದ ಲೋಮನಾಳಗಳು ಹೆಣೆದುಕೊಂಡಿರುತ್ತವೆ. ಗಾಳಿಗೂ ರಕ್ತಕ್ಕೂ ನಡುವೆ ಇರುವ ಗೋಡೆಯ ದಪ್ಪ ಬಹುತೇಕ ಕಡೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಆಮ್ಲಜನಕವು ಸಲೀಸಾಗಿ ರಕ್ತಕ್ಕೆ ಸೇರಲು ಗೋಡೆ ಇಷ್ಟು ತೆಳುವಾಗಿರಬೇಕು. ಅದೇ ಅದರ ದೌರ್ಬಲ್ಯವೂ ಹೌದು. ಈ ಗೋಡೆ ಸೋರತೊಡಗಿದರೆ ರಕ್ತದ ನೀರಿನಂಶ ಮತ್ತು ಪ್ರೋಟೀನುಗಳು ವಾಯುಕೋಶಕ್ಕೆ ನುಗ್ಗುತ್ತವೆ. ಗಾಳಿ ಇರಬೇಕಾದಲ್ಲಿ ದ್ರವ ತುಂಬಿಕೊಳ್ಳುತ್ತದೆ. ಎಷ್ಟೇ ಏದುಸಿರು ಬಿಟ್ಟರೂ ರಕ್ತಕ್ಕೆ ಸಾಕಷ್ಟು ಆಮ್ಲಜನಕ ಸೇರುವುದಿಲ್ಲ.

ವೈದ್ಯಲೋಕ ಈ ಸ್ಥಿತಿಯನ್ನು ಪ್ರತ್ಯೇಕ ಸಮಸ್ಯೆಯಾಗಿ ಗುರುತಿಸಿದ್ದು 1967ರಲ್ಲಿ. ಅಮೆರಿಕದ ವೈದ್ಯರ ತಂಡವೊಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 12 ರೋಗಿಗಳ ವಿವರವನ್ನು ಪ್ರಕಟಿಸಿತು. ಅಪಘಾತ, ಸೋಂಕು ಮೊದಲಾದ ಬೇರೆ ಬೇರೆ ಕಾರಣಗಳಿಂದ ಆಸ್ಪತ್ರೆ ಸೇರಿದ್ದ ಅವರೆಲ್ಲರ ಶ್ವಾಸಕೋಶಗಳು ಒಂದೇ ರೀತಿಯಲ್ಲಿ ಹಾನಿಗೊಂಡಿದ್ದವು. ಇದೇ ಮುಂದೆ ಎಆರ್‌ಡಿಎಸ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ರಕ್ತದಲ್ಲಿನ ಆಮ್ಲಜನಕದ ಒತ್ತಡವನ್ನು ರೋಗಿಗೆ ನೀಡುತ್ತಿರುವ ಆಮ್ಲಜನಕದ ಪ್ರಮಾಣದಿಂದ ಭಾಗಿಸಿದಾಗ ಬರುವ ಸಂಖ್ಯೆ ಆರೋಗ್ಯವಂತರಲ್ಲಿ 400ಕ್ಕಿಂತ ಹೆಚ್ಚಿರುತ್ತದೆ. 2012ರ ಬರ್ಲಿನ್ ವ್ಯಾಖ್ಯೆಯ ಪ್ರಕಾರ ಅದು 300ಕ್ಕೆ ಇಳಿದರೆ ಸೌಮ್ಯ, 200ಕ್ಕೆ ಇಳಿದರೆ ಮಧ್ಯಮ, 100 ಅಥವಾ ಅದಕ್ಕಿಂತ ಕೆಳಗಿಳಿದರೆ ತೀವ್ರ ಸ್ವರೂಪದ ಹಾನಿ ಎನಿಸುತ್ತದೆ.

ಕಾವಲು ದಾರಿ ತಪ್ಪುವ ಮೂರು ಬಗೆ

ರೋಗನಿರೋಧಕ ವ್ಯವಸ್ಥೆಯ ಮೂಲಭೂತ ಕೆಲಸ ‘ತನ್ನದು’ ಮತ್ತು ‘ಪರಕೀಯ’ ಎಂಬುದನ್ನು ಬೇರ್ಪಡಿಸಿ ನೋಡುವುದು. ಈ ವಿವೇಚನೆ ತಪ್ಪಿ, ದೇಹದ ಸ್ವಂತ ಅಂಗಾಂಶದ ವಿರುದ್ಧವೇ ಪ್ರತಿಕಾಯಗಳು ಹುಟ್ಟಿಕೊಂಡರೆ ಅವುಗಳನ್ನು ಸ್ವಪ್ರತಿಕಾಯಗಳೆನ್ನುತ್ತಾರೆ. ಬೇಲಿಯೇ ಎದ್ದು ಹೊಲ ಮೇಯ್ದಂತಹ ಈ ಸ್ಥಿತಿಯನ್ನು ವೈದ್ಯರು ಆಟೋಇಮ್ಯೂನ್ ಎಂದು ಕರೆಯುತ್ತಾರೆ.

ಶ್ವಾಸಕೋಶದ ಮಟ್ಟಿಗೆ ಈ ಅನಾಹುತ ಮೂರು ಬಗೆಯಲ್ಲಿ ಸಂಭವಿಸಬಹುದು. ಮೊದಲನೆಯದಾಗಿ, ಸ್ವಪ್ರತಿಕಾಯಗಳು ನೇರವಾಗಿ ವಾಯುಕೋಶದ ಗೋಡೆಗೋ ಅದರ ರಕ್ತನಾಳಗಳಿಗೋ ಪೆಟ್ಟು ಕೊಡಬಹುದು. ಎರಡನೆಯದಾಗಿ, ಸ್ವಪ್ರತಿಕಾಯಗಳು ಅಂಗಾಂಶವನ್ನು ಮುಟ್ಟದೆ, ದೇಹವು ವೈರಾಣುವಿನ ವಿರುದ್ಧ ಬಳಸುವ ಆಯುಧವನ್ನೇ ನಿಷ್ಕ್ರಿಯಗೊಳಿಸಬಹುದು. ಮೂರನೆಯದಾಗಿ, ಸ್ವಪ್ರತಿಕಾಯಗಳ ಪಾತ್ರವಿಲ್ಲದೆಯೇ, ರೋಗಾಣುವಿನ ವಿರುದ್ಧದ ಉರಿಯೂತವು ಮಿತಿಮೀರಿ ಅಕ್ಕಪಕ್ಕದ ಅಂಗಾಂಶವನ್ನೂ ಸುಡಬಹುದು. ಈ ಮೂರನೆಯದನ್ನು ಕಟ್ಟುನಿಟ್ಟಾದ ಅರ್ಥದಲ್ಲಿ ಆಟೋಇಮ್ಯೂನ್ ಎನ್ನಲಾಗದು. ಆದರೆ ರೋಗಿಯ ಹಾಸಿಗೆಯ ಬಳಿ ಮೂರೂ ಬೆರೆತುಕೊಂಡೇ ಕಾಣಿಸುವುದುಂಟು.

1919ರ ಒಂದು ಪ್ರಕರಣ

ಮೊದಲ ಬಗೆಯ ಮಾದರಿ ಉದಾಹರಣೆಯ ಹೆಸರು 1918ರ ಇನ್‌ಫ್ಲುಯೆಂಜಾ ಮಹಾಮಾರಿಯೊಂದಿಗೆ ತಳಕು ಹಾಕಿಕೊಂಡಿದೆ. ಮೈಸೂರು ಸಂಸ್ಥಾನವನ್ನೂ ತತ್ತರಗೊಳಿಸಿದ್ದ ಆ ಪಿಡುಗಿನ ಬೆನ್ನಲ್ಲೇ, 1919ರಲ್ಲಿ, ಅಮೆರಿಕದ ರೋಗಶಾಸ್ತ್ರಜ್ಞ ಅರ್ನೆಸ್ಟ್ ಗುಡ್‌ಪಾಶ್ಚರ್ 18 ವರ್ಷದ ಯುವಕನೊಬ್ಬನ ಮರಣೋತ್ತರ ಪರೀಕ್ಷೆಯನ್ನು ವರದಿ ಮಾಡಿದರು. ಇನ್‌ಫ್ಲುಯೆಂಜಾ ತಗುಲಿ ಕೆಲವು ವಾರಗಳ ನಂತರ ಆತನ ಶ್ವಾಸಕೋಶದೊಳಗೆ ರಕ್ತಸ್ರಾವವಾಗಿತ್ತು; ಮೂತ್ರಪಿಂಡಗಳೂ ಕೆಟ್ಟಿದ್ದವು. ಇಂತಹ ಜೋಡಿ ಹಾನಿಗೆ 1958ರಲ್ಲಿ ಗುಡ್‌ಪಾಶ್ಚರ್ ಅವರ ಹೆಸರನ್ನೇ ಇಡಲಾಯಿತು.

ಇದರ ಹಿಂದಿನ ಕಾರಣ ಸ್ಪಷ್ಟವಾದದ್ದು 1967ರಲ್ಲಿ. ರೋಗಿಗಳಿಂದ ಪಡೆದ ಪ್ರತಿಕಾಯಗಳನ್ನು ಮಂಗಗಳಿಗೆ ನೀಡಿದಾಗ ಅವುಗಳ ಮೂತ್ರಪಿಂಡದಲ್ಲೂ ಅಂಥದೇ ರೋಗ ಕಾಣಿಸಿಕೊಂಡಿತು. ಅಂದರೆ ಪ್ರತಿಕಾಯವೇ ಅಪರಾಧಿ ಎಂಬುದು ಸಾಬೀತಾಯಿತು. ವಾಯುಕೋಶದ ಗೋಡೆಗೂ ಮೂತ್ರಪಿಂಡದ ಸೋಸುವ ಪೊರೆಗೂ ಆಧಾರವಾಗಿರುವ ತಳಪೊರೆಯಲ್ಲಿ ನಾಲ್ಕನೆಯ ಮಾದರಿಯ ಕೊಲಾಜೆನ್ ಎಂಬ ಪ್ರೋಟೀನು ಇರುತ್ತದೆ. ಅದರ ಒಂದು ತುಣುಕೇ ಈ ಪ್ರತಿಕಾಯಗಳ ಗುರಿ. ಸಾಮಾನ್ಯ ಸ್ಥಿತಿಯಲ್ಲಿ ಆ ತುಣುಕು ಪೊರೆಯೊಳಗೆ ಅಡಗಿರುತ್ತದೆ. ಧೂಮಪಾನ, ಹೈಡ್ರೊಕಾರ್ಬನ್ ಆವಿ, ಸೋಂಕು ಇತ್ಯಾದಿಗಳಿಂದ ಶ್ವಾಸಕೋಶದ ಪೊರೆ ಹರಿದಾಗ ಅದು ಬಯಲಾಗಿ ಪ್ರತಿಕಾಯಗಳ ಕಣ್ಣಿಗೆ ಬೀಳುತ್ತದೆ. 1983ರಲ್ಲಿ ಬ್ರಿಟನ್ನಿನಿಂದ ವರದಿಯಾದ ಅಧ್ಯಯನವೊಂದರಲ್ಲಿ ಈ ರೋಗವಿದ್ದ 37 ಧೂಮಪಾನಿಗಳ ಪೈಕಿ 37 ಮಂದಿಗೂ ಶ್ವಾಸಕೋಶದಲ್ಲಿ ರಕ್ತಸ್ರಾವವಾಗಿತ್ತು. ಧೂಮಪಾನ ಮಾಡದ 10 ಮಂದಿಯಲ್ಲಿ ಇಬ್ಬರಿಗೆ ಮಾತ್ರ ಹಾಗಾಗಿತ್ತು. ಪ್ರತಿಕಾಯವೊಂದೇ ಸಾಲದು, ಅದಕ್ಕೆ ಬಾಗಿಲು ತೆರೆದುಕೊಡುವ ಪೆಟ್ಟೂ ಬೇಕು ಎಂಬುದನ್ನು ಈ ಅಂಕಿಗಳು ಸಾರುತ್ತವೆ. ಈ ರೋಗ ಅತ್ಯಂತ ವಿರಳ. ವರ್ಷಕ್ಕೆ 10 ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಬರುತ್ತದೆ.

ಎರಕದ ಮರಳು ಮತ್ತು ರಕ್ತನಾಳದ ಉರಿಯೂತ

ಇದಕ್ಕಿಂತ ಹೆಚ್ಚಾಗಿ ಕಂಡುಬರುವುದು ಸೂಕ್ಷ್ಮ ರಕ್ತನಾಳಗಳ ಉರಿಯೂತ. ನ್ಯೂಟ್ರೊಫಿಲ್ ಎಂಬ ಬಿಳಿರಕ್ತಕಣಗಳ ಒಳಗಿನ ಕಿಣ್ವಗಳ ವಿರುದ್ಧ ಪ್ರತಿಕಾಯಗಳು ಹುಟ್ಟಿಕೊಳ್ಳುವುದು ಇದರ ಮೂಲ. ಆಂಕಾ ಎಂಬ ಹೆಸರಿನ ಈ ಪ್ರತಿಕಾಯಗಳು ನ್ಯೂಟ್ರೊಫಿಲ್‌ಗಳನ್ನು ಕೆರಳಿಸುತ್ತವೆ. ಕೆರಳಿದ ಕಣಗಳು ತಮ್ಮ ಡಿಎನ್‌ಎಯನ್ನೇ ಬಲೆಯಂತೆ ಹೊರಚೆಲ್ಲಿ, ಅದರೊಡನೆ ಕಿಣ್ವಗಳನ್ನೂ ಸುರಿಸಿ ರಕ್ತನಾಳದ ಗೋಡೆಯನ್ನು ಹರಿದುಹಾಕುತ್ತವೆ. ರೋಗಾಣುಗಳನ್ನು ಹಿಡಿಯಲೆಂದು ಇರುವ ಈ ಬಲೆಗಳ ಅಸ್ತಿತ್ವ ವಿಜ್ಞಾನಿಗಳಿಗೆ ತಿಳಿದದ್ದು 2004ರಲ್ಲಿ. ಲೂಪಸ್ ಎಂಬ ಆಟೋಇಮ್ಯೂನ್ ಕಾಯಿಲೆಯಲ್ಲೂ, ಚರ್ಮ ಹಾಗೂ ಸ್ನಾಯುಗಳನ್ನು ಬಾಧಿಸುವ ಡರ್ಮಟೊಮಯೊಸೈಟಿಸ್‌ನ ಕೆಲವು ರೂಪಗಳಲ್ಲೂ ಶ್ವಾಸಕೋಶ ದಿನಗಳಲ್ಲಿ ಅಥವಾ ವಾರಗಳಲ್ಲಿ ಕುಸಿಯಬಹುದು.

ಭದ್ರಾವತಿಯಂತಹ ಊರಿಗೆ ಇಲ್ಲೊಂದು ಗಮನಾರ್ಹ ಸಂಗತಿಯಿದೆ. ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಾಲದಿಂದ ಈ ಭಾಗದ ಹಲವು ತಲೆಮಾರುಗಳು ಲೋಹದ ಕೆಲಸದಲ್ಲಿ ಬದುಕು ಕಂಡುಕೊಂಡಿವೆ. ಎರಡೂ ನಗರಗಳ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶವೂ ಎರಕದ ಉದ್ಯಮಕ್ಕೆ ಹೆಸರಾಗಿದೆ. ಎರಕದ ಅಚ್ಚಿಗೆ ಬಳಸುವ ಮರಳಿನಲ್ಲಿ, ಹಾಗೆಯೇ ಕಲ್ಲು ಒಡೆಯುವ ಕೆಲಸದಲ್ಲಿ ಏಳುವ ದೂಳಿನಲ್ಲಿ ಸಿಲಿಕಾ ಇರುತ್ತದೆ. ದೀರ್ಘಕಾಲ ಸಿಲಿಕಾ ದೂಳು ಸೇವಿಸಿದವರಲ್ಲಿ ಸಿಲಿಕೋಸಿಸ್ ಮತ್ತು ಕ್ಷಯವಷ್ಟೇ ಅಲ್ಲದೆ, ಆಂಕಾ ಸಂಬಂಧಿತ ರಕ್ತನಾಳದ ಉರಿಯೂತ, ಸಂಧಿವಾತ, ಲೂಪಸ್ ಮೊದಲಾದ ಆಟೋಇಮ್ಯೂನ್ ಕಾಯಿಲೆಗಳ ಸಾಧ್ಯತೆಯೂ ಹೆಚ್ಚು ಎಂಬುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ದೂಳಿಗೆ ಒಡ್ಡಿಕೊಂಡವರೆಲ್ಲರೂ ರೋಗಿಗಳಾಗುತ್ತಾರೆ ಎಂದು ಇದರ ಅರ್ಥವಲ್ಲ. ಆದರೆ ಇಂತಹ ಕೆಲಸದಲ್ಲಿದ್ದವರು, ನಿವೃತ್ತರೂ ಸೇರಿದಂತೆ, ಉಸಿರಾಟದ ತೊಂದರೆಯಿಂದ ಆಸ್ಪತ್ರೆಗೆ ಹೋದಾಗ ತಮ್ಮ ವೃತ್ತಿಯ ವಿವರವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಕೇಳದಿದ್ದರೂ ಹೇಳಬೇಕಾದ ವಿವರವಿದು.

ಇಲಿಜ್ವರ: ಗದ್ದೆಯಿಂದ ತೀವ್ರ ನಿಗಾ ಘಟಕಕ್ಕೆ

ತುಂಗಾ ಮತ್ತು ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆ, ಅಡಿಕೆ ತೋಟ, ನಗರದ ಚರಂಡಿಗಳಲ್ಲಿ ದುಡಿಯುವವರನ್ನು ಕಾಡುವ ಇಲಿಜ್ವರಕ್ಕೆ ಲೆಪ್ಟೊಸ್ಪೈರಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ ಕಾರಣ. ಇಲಿ, ಹೆಗ್ಗಣ, ಜಾನುವಾರುಗಳ ಮೂತ್ರದಿಂದ ನೀರು ಹಾಗೂ ಕೆಸರಿಗೆ ಸೇರುವ ಇದು ಚರ್ಮದ ಗಾಯಗಳ ಮೂಲಕ ದೇಹ ಪ್ರವೇಶಿಸುತ್ತದೆ. ಜ್ವರ, ತಲೆನೋವು, ಮೀನಖಂಡದಲ್ಲಿ ತೀವ್ರ ನೋವು, ಕಣ್ಣು ಕೆಂಪಾಗುವುದು ಇದರ ಮೊದಲ ಲಕ್ಷಣಗಳು. ಕಾಮಾಲೆ ಮತ್ತು ಮೂತ್ರಪಿಂಡ ವೈಫಲ್ಯ ಇದರ ತೀವ್ರ ರೂಪವೆಂದು ಹಿಂದಿನಿಂದಲೂ ತಿಳಿದಿತ್ತು. ಆದರೆ ಅಂಡಮಾನ್ ದ್ವೀಪಗಳಲ್ಲಿ 1988ರಿಂದ ಕಾಣಿಸಿಕೊಂಡ ನಿಗೂಢ ರಕ್ತಸ್ರಾವ ಜ್ವರ ಹಾಗೂ 1995ರಲ್ಲಿ ನಿಕರಾಗುವಾ ದೇಶದಲ್ಲಿ ಹಬ್ಬಿದ ಪಿಡುಗು ಇನ್ನೊಂದು ರೂಪವನ್ನು ಬಯಲಿಗೆ ತಂದವು. ಕಾಮಾಲೆಯ ಸುಳಿವೇ ಇಲ್ಲದೆ ಶ್ವಾಸಕೋಶದಲ್ಲಿ ರಕ್ತ ತುಂಬಿ ರೋಗಿಗಳು ಸಾಯುತ್ತಿದ್ದರು.

ವಿಚಿತ್ರವೆಂದರೆ, ರಕ್ತಸ್ರಾವವಾದ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆ ಹಾನಿಗೆ ತಕ್ಕಷ್ಟು ಇರಲಿಲ್ಲ. 2004ರಲ್ಲಿ ಪ್ರಕಟವಾದ ಗಿನಿಯಿಲಿಗಳ ಮೇಲಿನ ಪ್ರಯೋಗದಲ್ಲಿ, ವಾಯುಕೋಶದ ತಳಪೊರೆಯ ಉದ್ದಕ್ಕೂ ಪ್ರತಿಕಾಯಗಳು ಮತ್ತು ಕಾಂಪ್ಲಿಮೆಂಟ್ ಪ್ರೋಟೀನುಗಳು ಗೆರೆ ಎಳೆದಂತೆ ಕುಳಿತಿರುವುದು ಕಂಡುಬಂತು. ಗುಡ್‌ಪಾಶ್ಚರ್ ರೋಗದಲ್ಲಿ ಕಾಣುವ ಚಿತ್ರಕ್ಕೆ ಇದು ಬಹಳ ಹತ್ತಿರದ್ದು. ಮೃತಪಟ್ಟ ರೋಗಿಗಳ ಶ್ವಾಸಕೋಶಗಳಲ್ಲೂ ಮುಂದೆ ಇಂತಹ ಪ್ರತಿಕಾಯಗಳ ಲೇಪ ಪತ್ತೆಯಾಯಿತು. ಆದರೆ ಇಲಿಜ್ವರದ ರೋಗಿಗಳ ರಕ್ತದಲ್ಲಿ ಗುಡ್‌ಪಾಶ್ಚರ್ ರೋಗದ ಪ್ರತಿಕಾಯವನ್ನು ಹುಡುಕಿದಾಗ ಅದು ದೊರೆಯಲಿಲ್ಲ. ಆದ್ದರಿಂದ ಎರಡೂ ಒಂದೇ ರೋಗವೆನ್ನುವಂತಿಲ್ಲ. ಬ್ಯಾಕ್ಟೀರಿಯಾದ ನೇರ ಹಾನಿ ಮತ್ತು ಪ್ರತಿಕಾಯಗಳ ಹಾನಿ ಇಲ್ಲಿ ಜೊತೆಗೂಡಿ ಕೆಲಸ ಮಾಡುತ್ತವೆ ಎಂಬುದು ಈಗ ಪ್ರಚಲಿತವಿರುವ ವಿವರಣೆ. ರೋಗಿಯ ಪಾಲಿಗೆ ಇದರ ತಾತ್ಪರ್ಯ ಸರಳ. ಪ್ರತಿಕಾಯಗಳ ಸರಣಿ ಆರಂಭವಾಗುವ ಮೊದಲೇ, ಜ್ವರದ ಆರಂಭದ ದಿನಗಳಲ್ಲೇ ಡಾಕ್ಸಿಸೈಕ್ಲಿನ್ ಅಥವಾ ಪೆನಿಸಿಲಿನ್‌ನಂತಹ ಸುಲಭ ಬೆಲೆಯ ಔಷಧ ದೊರೆತರೆ ಉಳಿಯುವ ಸಾಧ್ಯತೆ ಬಹಳ ಹೆಚ್ಚು.

ಜಿಲ್ಲೆಯ ಇನ್ನೊಂದು ಪರಿಚಿತ ಪಿಡುಗಾದ ಮಂಗನ ಕಾಯಿಲೆಯನ್ನು ಇದರ ಜೊತೆಗಿಟ್ಟು ನೋಡಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ ಅದೇ ಹೆಸರನ್ನು ಜಗತ್ತಿನಾದ್ಯಂತ ಪಡೆದ ಈ ರೋಗದ ತೀವ್ರ ಪ್ರಕರಣಗಳಲ್ಲೂ ಶ್ವಾಸಕೋಶದ ರಕ್ತಸ್ರಾವ ಕಾಣಿಸಿಕೊಳ್ಳುವುದುಂಟು. ಆದರೆ ಇದು ಉಣುಗುಗಳಿಂದ ಹರಡುವ ವೈರಾಣು ರೋಗ. ಇಲಿಜ್ವರಕ್ಕೆ ಕೆಲಸ ಮಾಡುವ ಔಷಧ ಇದಕ್ಕೆ ಕೆಲಸ ಮಾಡದು. ಲಕ್ಷಣ ಒಂದೇ ಇದ್ದರೂ ಕಾರಣ ಬೇರೆಯಾಗಬಹುದು ಎಂಬುದಕ್ಕೆ ಜಿಲ್ಲೆಯೊಳಗೇ ಇರುವ ಉದಾಹರಣೆಯಿದು.

ಕೋವಿಡ್ ಕಲಿಸಿದ ಪಾಠ

ಸ್ವಪ್ರತಿಕಾಯಗಳ ಎರಡನೆಯ ಬಗೆ, ಅಂದರೆ ದೇಹದ ಆಯುಧವನ್ನೇ ಕಿತ್ತುಕೊಳ್ಳುವ ಬಗೆ, ದೊಡ್ಡ ಪ್ರಮಾಣದಲ್ಲಿ ಬೆಳಕಿಗೆ ಬಂದದ್ದು ಕೋವಿಡ್ ಕಾಲದಲ್ಲಿ. ಶಿವಮೊಗ್ಗ ಜಿಲ್ಲೆಯಲ್ಲಿ ಮೊದಲ 8 ಪ್ರಕರಣಗಳು ದೃಢಪಟ್ಟಿದ್ದು 2020ರ ಮೇ 10ರಂದು. ಮುಂದೆ ಮೆಗ್ಗಾನ್ ಆಸ್ಪತ್ರೆ ಜಿಲ್ಲೆಯ ಕೋವಿಡ್ ಚಿಕಿತ್ಸೆಯ ಕೇಂದ್ರವಾಯಿತು. 2021ರ ಎರಡನೆಯ ಅಲೆಯಲ್ಲಿ ಭದ್ರಾವತಿಯ ವಿಐಎಸ್‌ಎಲ್ ಆವರಣದ ಆಮ್ಲಜನಕ ಘಟಕವೂ ಸಿಲಿಂಡರ್ ತುಂಬಿಸಲು ನೆರವಾಯಿತು. ಒಂದೇ ಮನೆಯ ಇಬ್ಬರಿಗೆ ಒಂದೇ ಸೋಂಕು ತಗುಲಿದರೂ ಒಬ್ಬರಿಗೆ ನೆಗಡಿಯಷ್ಟೇ ಆಗಿ, ಇನ್ನೊಬ್ಬರು ವೆಂಟಿಲೇಟರ್ ಸೇರಿದ್ದೇಕೆ ಎಂಬ ಪ್ರಶ್ನೆ ಆಗ ಎಲ್ಲರನ್ನೂ ಕಾಡಿತ್ತು.

ಅದಕ್ಕೆ ಭಾಗಶಃ ಉತ್ತರ ದೊರೆತದ್ದು 2020ರ ಸೆಪ್ಟೆಂಬರ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದಿಂದ. ವೈರಾಣು ಒಳಹೊಕ್ಕ ಕೂಡಲೇ ಜೀವಕೋಶಗಳು ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನನ್ನು ಸ್ರವಿಸುತ್ತವೆ. ಪ್ರಾಣಾಪಾಯದ ಸ್ಥಿತಿ ತಲುಪಿದ್ದ 987 ಕೋವಿಡ್ ರೋಗಿಗಳ ಪೈಕಿ 101 ಮಂದಿಯಲ್ಲಿ ಈ ಇಂಟರ್‌ಫೆರಾನನ್ನೇ ನಿಷ್ಕ್ರಿಯಗೊಳಿಸುವ ಸ್ವಪ್ರತಿಕಾಯಗಳಿದ್ದವು. ಆ 101 ಮಂದಿಯಲ್ಲಿ 95 ಮಂದಿ ಪುರುಷರು. ಲಕ್ಷಣರಹಿತ ಅಥವಾ ಸೌಮ್ಯ ಸೋಂಕಿನ 663 ಮಂದಿಯಲ್ಲಿ ಒಬ್ಬರಲ್ಲೂ ಇವು ಇರಲಿಲ್ಲ. ಸೋಂಕಿಗೆ ಮೊದಲೇ ಇಂತಹ ಪ್ರತಿಕಾಯಗಳು ಇರುತ್ತವೆ, ವಯಸ್ಸು 70 ದಾಟಿದ ಬಳಿಕ ಹೆಚ್ಚುತ್ತವೆ ಎಂಬುದು 2021ರ ಮುಂದುವರಿದ ಅಧ್ಯಯನದಲ್ಲಿ ತಿಳಿದುಬಂತು. ಇನ್‌ಫ್ಲುಯೆಂಜಾದಿಂದ ತೀವ್ರ ನ್ಯುಮೋನಿಯಾಕ್ಕೆ ತುತ್ತಾದವರಲ್ಲೂ ಸುಮಾರು ಶೇ 5ರಷ್ಟು ಮಂದಿಯಲ್ಲಿ ಇವು ನಂತರ ಪತ್ತೆಯಾದವು.

ಇಲ್ಲಿ ಸ್ವಪ್ರತಿಕಾಯ ಶ್ವಾಸಕೋಶವನ್ನು ಮುಟ್ಟುವುದಿಲ್ಲ. ಊರಿನ ಎಚ್ಚರಿಕೆಯ ಗಂಟೆಯನ್ನು ಮೊದಲೇ ಕಟ್ಟಿಹಾಕಿರುತ್ತದೆ. ತಡೆಯಿಲ್ಲದೆ ವೃದ್ಧಿಸಿದ ವೈರಾಣುವನ್ನು ಕಂಡು ತಡವಾಗಿ ಎಚ್ಚೆತ್ತ ವ್ಯವಸ್ಥೆ ಮಿತಿಮೀರಿದ ಉರಿಯೂತಕ್ಕೆ ಇಳಿಯುತ್ತದೆ. ಹೀಗೆ ಮೊದಲ ವಾರದಲ್ಲಿ ರಕ್ಷಣೆಯ ಕೊರತೆ, ಎರಡನೆಯ ವಾರದಲ್ಲಿ ರಕ್ಷಣೆಯ ಅತಿರೇಕ ಒಬ್ಬನೇ ರೋಗಿಯಲ್ಲಿ ಕಾಣಿಸಿಕೊಳ್ಳುತ್ತವೆ.

ಪತ್ತೆ ಹೇಗೆ?

ಎಕ್ಸ್‌ರೇ ಅಥವಾ ಸಿ.ಟಿ. ಸ್ಕ್ಯಾನ್‌ನಲ್ಲಿ ಬಿಳಿಯ ಮಸುಕು ಎಲ್ಲ ಬಗೆಯ ಹಾನಿಯಲ್ಲೂ ಒಂದೇ ತೆರನಾಗಿ ಕಾಣುತ್ತದೆ. ಹೀಗಾಗಿ ಇತರ ಸುಳಿವುಗಳು ಮುಖ್ಯವಾಗುತ್ತವೆ. ಸೋಂಕಿಗೆ ತಕ್ಕ ಔಷಧ ನೀಡಿದರೂ ಉಸಿರಾಟ ಹದಗೆಡುತ್ತಿರುವುದು, ಹಿಮೋಗ್ಲೋಬಿನ್ ಏಕಾಏಕಿ ಕುಸಿಯುವುದು, ಮೂತ್ರದಲ್ಲಿ ರಕ್ತ ಅಥವಾ ಪ್ರೋಟೀನ್, ಚರ್ಮದ ಮೇಲೆ ನೇರಳೆ ಮಚ್ಚೆ, ಹಲವು ವಾರಗಳಿಂದ ಕೀಲುನೋವು ಅಥವಾ ಮೂಗಿನಲ್ಲಿ ರಕ್ತ ಇವು ಆಟೋಇಮ್ಯೂನ್ ಕಾರಣದತ್ತ ಬೊಟ್ಟು ಮಾಡುತ್ತವೆ. ಶ್ವಾಸಕೋಶದೊಳಗೆ ರಕ್ತಸ್ರಾವವಾದವರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಮಂದಿಗೆ ಕೆಮ್ಮಿನಲ್ಲಿ ರಕ್ತವೇ ಬಾರದು ಎಂಬುದನ್ನು ನೆನಪಿಡಬೇಕು.

ಸರಳವಾದ ಮೂತ್ರ ಪರೀಕ್ಷೆಯೂ ಇಲ್ಲಿ ಬಹುಮೂಲ್ಯ. ಅದರ ನಂತರ ಎಎನ್‌ಎ, ಆಂಕಾ, ತಳಪೊರೆಯ ಪ್ರತಿಕಾಯ ಇವುಗಳ ರಕ್ತಪರೀಕ್ಷೆ, ಅಗತ್ಯವಿದ್ದಲ್ಲಿ ಬ್ರಾಂಕೊಸ್ಕೋಪಿ ನಡೆಸಲಾಗುತ್ತದೆ. ಇವುಗಳ ಜೊತೆಗೇ ಇಲಿಜ್ವರ, ಡೆಂಗಿ, ಇನ್‌ಫ್ಲುಯೆಂಜಾ, ಕ್ಷಯ ಹಾಗೂ ಋತುಮಾನಕ್ಕೆ ತಕ್ಕಂತೆ ಮಂಗನ ಕಾಯಿಲೆಯ ಪರೀಕ್ಷೆಗಳೂ ನಡೆಯಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹುಡುಕುವುದು ಅಪಾಯಕಾರಿ.

ಸ್ಟೀರಾಯ್ಡ್: ಇಬ್ಬಾಯಿಯ ಖಡ್ಗ

ಕಾರಣ ಯಾವುದೇ ಇರಲಿ, ಶ್ವಾಸಕೋಶಕ್ಕೆ ಬಿಡುವು ನೀಡಿ ಉಸಿರಾಟವನ್ನು ಕಾಪಾಡುವುದು ಚಿಕಿತ್ಸೆಯ ಬುನಾದಿ. ವೆಂಟಿಲೇಟರ್‌ನಿಂದ ಒಮ್ಮೆಗೆ ನೀಡುವ ಗಾಳಿಯ ಪ್ರಮಾಣವನ್ನು ದೇಹತೂಕದ ಲೆಕ್ಕದಲ್ಲಿ ಪ್ರತಿ ಕಿಲೋಗ್ರಾಮಿಗೆ 12 ಮಿಲಿಲೀಟರ್‌ನಿಂದ 6ಕ್ಕೆ ಇಳಿಸಿದರೆ ಸಾವಿನ ಪ್ರಮಾಣ ಶೇ 39.8ರಿಂದ ಶೇ 31ಕ್ಕೆ ಇಳಿಯುತ್ತದೆ ಎಂಬುದು 2000ದ ಅಧ್ಯಯನದಿಂದ ಸಾಬೀತಾಯಿತು. ತೀವ್ರ ಹಾನಿಯಲ್ಲಿ ರೋಗಿಯನ್ನು ದೀರ್ಘಕಾಲ ಬೋರಲು ಮಲಗಿಸುವುದರಿಂದ ಸಾವು ಅರ್ಧದಷ್ಟು ಕಡಿಮೆಯಾದದ್ದನ್ನು 2013ರ ಫ್ರೆಂಚ್ ಅಧ್ಯಯನ ತೋರಿಸಿತು.

ರೋಗನಿರೋಧಕ ವ್ಯವಸ್ಥೆಯನ್ನು ಅಡಗಿಸುವ ವಿಚಾರದಲ್ಲಿ ಮಾತ್ರ ಕಾಲ ಮತ್ತು ಕಾರಣ ಎರಡೂ ಮುಖ್ಯ. ಗುಡ್‌ಪಾಶ್ಚರ್ ರೋಗದಲ್ಲಿ ರಕ್ತದಿಂದ ಪ್ರತಿಕಾಯಗಳನ್ನು ತೆಗೆದುಹಾಕುವ ಪ್ಲಾಸ್ಮಾ ವಿನಿಮಯ, ಸ್ಟೀರಾಯ್ಡ್ ಮತ್ತು ಸೈಕ್ಲೊಫಾಸ್ಫಮೈಡ್ ಜೀವ ಉಳಿಸುತ್ತವೆ. ಗಂಟೆಗಳ ವಿಳಂಬವೂ ಮೂತ್ರಪಿಂಡಕ್ಕೆ ಮುಳುವಾಗಬಹುದು. ಆಂಕಾ ಸಂಬಂಧಿತ ರೋಗದಲ್ಲಿ ಸ್ಟೀರಾಯ್ಡ್ ಜೊತೆಗೆ ರಿಟುಕ್ಸಿಮ್ಯಾಬ್ ಅಥವಾ ಸೈಕ್ಲೊಫಾಸ್ಫಮೈಡ್ ಬಳಸುತ್ತಾರೆ. ಇಲಿಜ್ವರದ ರಕ್ತಸ್ರಾವದಲ್ಲಿ ಸ್ಟೀರಾಯ್ಡ್‌ನ ಲಾಭ ದೃಢಪಟ್ಟಿಲ್ಲ.

ಕೋವಿಡ್‌ನ ಅನುಭವ ಇದನ್ನು ಅಂಕಿಗಳಲ್ಲೇ ಹೇಳಿತು. ಬ್ರಿಟನ್ನಿನ ರಿಕವರಿ ಅಧ್ಯಯನದಲ್ಲಿ ಡೆಕ್ಸಾಮೆಥಾಸೋನ್ ಪಡೆದ ವೆಂಟಿಲೇಟರ್ ರೋಗಿಗಳ ಪೈಕಿ 28 ದಿನಗಳಲ್ಲಿ ಶೇ 29.3ರಷ್ಟು ಮಂದಿ ಮೃತಪಟ್ಟರೆ, ಪಡೆಯದವರಲ್ಲಿ ಆ ಪ್ರಮಾಣ ಶೇ 41.4 ಇತ್ತು. ಆಮ್ಲಜನಕದ ಅಗತ್ಯವೇ ಇಲ್ಲದಿದ್ದವರಿಗೆ ಅದೇ ಔಷಧದಿಂದ ಯಾವ ಪ್ರಯೋಜನವೂ ಆಗಲಿಲ್ಲ. ಸಾವಿನ ಪ್ರಮಾಣ ಔಷಧ ಪಡೆದವರಲ್ಲೇ ತುಸು ಹೆಚ್ಚಿತ್ತು. 2021ರಲ್ಲಿ ಕರ್ನಾಟಕವೂ ಸೇರಿದಂತೆ ದೇಶದೆಲ್ಲೆಡೆ ಕಾಡಿದ ಕಪ್ಪು ಶಿಲೀಂಧ್ರ ರೋಗದ ಹಿಂದೆ ಹತೋಟಿಯಲ್ಲಿಲ್ಲದ ಮಧುಮೇಹದ ಜೊತೆಗೆ ಸ್ಟೀರಾಯ್ಡ್‌ನ ಅತಿಬಳಕೆಯೂ ಇತ್ತು. ಔಷಧದಂಗಡಿಯಲ್ಲಿ ಕೇಳಿ ಪಡೆದ ನಾಲ್ಕು ಸ್ಟೀರಾಯ್ಡ್ ಮಾತ್ರೆಗಳು ಜ್ವರವನ್ನು ತಾತ್ಕಾಲಿಕವಾಗಿ ಇಳಿಸಿ, ಒಳಗಿನ ಸೋಂಕು ಬೆಳೆಯಲು ಅವಕಾಶ ನೀಡಬಹುದು.

ಯಾವಾಗ ಆಸ್ಪತ್ರೆಗೆ?

ಜ್ವರದ ಜೊತೆಗೆ ಏದುಸಿರು, ಬೆರಳಿನ ಆಕ್ಸಿಮೀಟರ್‌ನಲ್ಲಿ ಶೇ 94ಕ್ಕಿಂತ ಕಡಿಮೆ ಅಂಕಿ, ಕೆಮ್ಮಿನಲ್ಲಿ ರಕ್ತ, ಮೂತ್ರದ ಬಣ್ಣ ಕಂದು ಅಥವಾ ಕೆಂಪಾಗುವುದು, ಮೂತ್ರ ಕಡಿಮೆಯಾಗುವುದು, ಮಾತು ತೊದಲುವಷ್ಟು ನಿತ್ರಾಣ ಇವುಗಳಲ್ಲಿ ಯಾವುದೊಂದು ಕಂಡರೂ ಕಾಯುವಂತಿಲ್ಲ. ಭದ್ರಾವತಿಯ ಸಾರ್ವಜನಿಕ ಆಸ್ಪತ್ರೆಯಲ್ಲಿ ಪ್ರಾಥಮಿಕ ತಪಾಸಣೆ ನಡೆಸಿ, ಅಗತ್ಯವಿದ್ದರೆ ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಮೆಗ್ಗಾನ್ ಬೋಧನಾ ಆಸ್ಪತ್ರೆಗೆ ಕಳುಹಿಸಬಹುದು. ಎರಡು ಊರುಗಳ ನಡುವಿನ ಅಂತರ 20 ಕಿಲೋಮೀಟರ್‌ಗೂ ಕಡಿಮೆ.

ವೈದ್ಯರ ಬಳಿಗೆ ಹೋಗುವಾಗ ಮೂರು ವಿವರಗಳು ಸಿದ್ಧವಿರಲಿ: ಹಿಂದಿನ ಮೂರು ವಾರಗಳಲ್ಲಿ ಗದ್ದೆ, ಕೆಸರು, ಕಾಡಿನ ಸಂಪರ್ಕವಿತ್ತೇ, ಈಗಾಗಲೇ ಯಾವ ಮಾತ್ರೆ ನುಂಗಲಾಗಿದೆ, ಬದುಕಿನಲ್ಲಿ ಯಾವ ದೂಳು, ಯಾವ ಹೊಗೆಯ ನಡುವೆ ದುಡಿಯಲಾಗಿದೆ. ಧೂಮಪಾನ ತ್ಯಜಿಸುವುದು, ಎರಕದ ಕೆಲಸದಲ್ಲಿ ದೂಳು ತಡೆಯುವ ಮುಖಗವಸು ಧರಿಸುವುದು, ಗದ್ದೆಗೆ ಇಳಿಯುವಾಗ ಕಾಲಿನ ಗಾಯಗಳನ್ನು ಮುಚ್ಚಿಕೊಳ್ಳುವುದು, ಹಿರಿಯರು ಇನ್‌ಫ್ಲುಯೆಂಜಾ ಲಸಿಕೆಯ ಬಗ್ಗೆ ವೈದ್ಯರ ಸಲಹೆ ಪಡೆಯುವುದು ನಮ್ಮ ಕೈಯಲ್ಲೇ ಇರುವ ಮುನ್ನೆಚ್ಚರಿಕೆಗಳು. ಸ್ವಪ್ರತಿಕಾಯ ಯಾರ ದೇಹದಲ್ಲಿ ಹುಟ್ಟುತ್ತದೆಂದು ಮೊದಲೇ ಹೇಳಲಾಗದು. ಅದಕ್ಕೆ ಶ್ವಾಸಕೋಶದ ಬಾಗಿಲು ತೆರೆದುಕೊಡುವ ಪೆಟ್ಟುಗಳನ್ನು ಮಾತ್ರ ಬಹುಮಟ್ಟಿಗೆ ತಪ್ಪಿಸಬಹುದು.